ಕೈಕೊಡುವ ಬಗೆ

ಮಾನ್‌ಹೈಮಿನಿಂದ ಫಿಲ್ಮೋನ್ ಕಳಿಸಿದ್ದು
ಉಣ್ಣೆಯ ಕಾಲುಚೀಲದೊಳಗೆ ಮುದುರಿಕೊಂಡು ಬಂತು:
ಖರ್ಜೂರದಷ್ಟು ಕಪ್ಪು ಮುದ್ದೆ, ಎರಡು ತಂತಿಬಾಲ.
ಒಳಗೇನಿದೆಯೆಂದು ಯಾರೂ ಕೇಳದ ಹಾಗೆ
ಅರಗು ಸುರಿದು ಮುಚ್ಚಿದ್ದಾರೆ.
'ಹಾಕಿಸಿಬಿಡು ಅಕ್ಕಾ, ಪಾಯಿಂಟಿನ ಕಾಟ ತೀರಿತು.
ಸವೆಯೋದಿಲ್ಲ, ಕರಕಲಾಗೋದಿಲ್ಲ,
ಇನ್ನು ಬಾನೆಟ್ ಎತ್ತೋದನ್ನೇ ಮರೆತುಬಿಡು.'

ಮರೆಯಬಹುದೇನೋ.
ಇದು ಸೋದರತ್ತೆಯ ಫಿಯಟ್, ಅರವತ್ತನಾಲ್ಕರದು, ಕೆನೆಬಣ್ಣ.
ಅಸ್ಮಾರಾದ ಸಿನಿಮಾ ಮಂದಿರದ ಗೂಡುಕಿಟಕಿಯಲ್ಲಿ
ಟಿಕೆಟು ಹರಿದು ಹರಿದು ಕೂಡಿಸಿದ ಕಾರು.
ಈಗ ಹಿಂದಿನ ಸೀಟಿನಲ್ಲಿ ಕನ್ನಡಕಗಳ ಪೆಟ್ಟಿಗೆ;
ವಾರಕ್ಕೆರಡು ಸಲ ಮೋಡದ ಮೇಲಿಂದ ಮಸಾವಾದ ಉಪ್ಪಿಗೆ ಇಳಿಯುತ್ತೇನೆ,
ತಿರುವು, ತಿರುವು, ಮತ್ತೆ ತಿರುವು.
ನೆಫಾಸಿತ್ ಹತ್ತಿರ ಮಂಜಿನಲ್ಲಿ ನಿಂತುಹೋದರೆ
ವಿಚಾರಿಸಿಕೊಳ್ಳಲು ಬರುವವು ಬಬೂನ್‌ಗಳು ಮಾತ್ರ.

ಮೂರು ಸಲ ನಿಂತಿದ್ದೇನೆ.
ಮೂರನೆಯ ಸಲ ಬೆಂಕಿಪೊಟ್ಟಣದ ಉಜ್ಜುಪಟ್ಟಿ ಹರಿದು
ಪಾಯಿಂಟಿನ ಎರಡು ತುಟಿಗಳ ನಡುವೆ ಎಳೆದೆ,
ಅತ್ತೆ ಊಟವಾದ ಮೇಲೆ ಹಲ್ಲಿನ ಸಂದಿಗೆ ದಾರ ಎಳೆಯುವಂತೆ.
ಕೆಮ್ಮಿತು. ಬೈದೆ. ಹೊತ್ತಿಕೊಂಡಿತು.

ಮೆದೆಬರಿನ ಗದ್ದಲದೊಳಗೆ ಗೆಬ್ರೆಂಡ್ರಿಯಾಸ್‌ನ ಕೊಟ್ಟಿಗೆ.
ಕಾಫಿಯ ತಟ್ಟೆಯಲ್ಲೇ ಎರಡನ್ನೂ ಇಟ್ಟ,
ಇತ್ತ ಹಳೆಯ ಪಾಯಿಂಟು, ಅತ್ತ ಖರ್ಜೂರ.
ಮೊದಲ ಬಟ್ಟಲು ಮುಗಿಯುವವರೆಗೂ ಮಾತಿಲ್ಲ.
ಆಮೇಲೆ:
'ಎಲ್ಲವೂ ಕೈಕೊಡುತ್ತವೆ, ಮಗಳೇ.
ಕೊಡದೇ ಇರುವುದನ್ನು ಹುಡುಕಬೇಡ,
ಹೇಗೆ ಕೊಡುತ್ತದೆ ಅಂತ ನೋಡು.
ಇದು ತಿಂಗಳುಗಟ್ಟಲೆ ಗೊಣಗಿ, ಏರಿನಲ್ಲಿ ಮುಗ್ಗರಿಸಿ,
ನೆಂಟರಿಗೆಲ್ಲ ಹೇಳಿಕಳಿಸಿ ಸಾಯುತ್ತದೆ.
ಅದು ಹಾಗಲ್ಲ. ಈಗ ಇದೆ. ಈಗ ಇಲ್ಲ.'

ಹಾಗಾದರೆ ಪಾಯಿಂಟೇ ಇರಲಿ, ಅಂದೆ.
'ತಡಿ' ಎಂದು ಡಬ್ಬಿಯಿಂದ ಹೊಸ ಕಂಡೆನ್ಸರೊಂದನ್ನು ತೆಗೆದು
ಉಗುರಿನಿಂದ ತಟ್ಟಿದ.
'ಥಳಥಳ ಹೊಳೆಯುತ್ತೆ, ಒಳಗೆ ಜೊಳ್ಳು.
ಈ ವರ್ಷ ಇಂಥವು ನಾಲ್ಕು ಎಸೆದೆ.
ನಿನ್ನ ಅತ್ತೆಯ ಕಾಲದ್ದೊಂದು ಇನ್ನೂ ಬದುಕಿದೆ,
ಅದಕ್ಕೂ ವಯಸ್ಸಾಯಿತು.'

ದಿನಾ ಜನರನ್ನು ಕುರ್ಚಿಯಲ್ಲಿ ಕೂರಿಸಿ
ಕಣ್ಣಿನ ಮುಂದೆ ಗಾಜು ಬದಲಿಸಿ ಬದಲಿಸಿ
'ಇದು ಚೆನ್ನವೋ? ಅದೋ?' ಎಂದು ಕೇಳುವವಳು ನಾನು.
'ಎರಡೂ ಒಂದೇ ಥರ ಕಾಣುತ್ತಮ್ಮ' ಅನ್ನುವ ಮುದುಕರ ಮೇಲೆ
ಎಷ್ಟು ಸಿಡುಕಿದ್ದೇನೆ!
ಇವತ್ತು ಕುರ್ಚಿಯಲ್ಲಿ ನಾನು,
ಎರಡನೆಯ ಬಟ್ಟಲು ಆರುತ್ತಿದೆ,
ಎರಡೂ ಒಂದೇ ಥರ ಕಾಣುತ್ತಿವೆ.

ಮೂರನೆಯದಕ್ಕೆ 'ಬರಕಾ' ಅನ್ನುತ್ತಾರೆ ನಮ್ಮಲ್ಲಿ,
ಹರಕೆಯ ಬಟ್ಟಲು, ನೀರುನೀರು.
ಅದನ್ನು ಕುಡಿದು ಹೇಳಿದೆ:
ಖರ್ಜೂರ ಹಾಕು. ಹಳೆಯದನ್ನು ಎಸೆಯಬೇಡ.

ಹಾಕಿದ. ಮೊದಲ ತಿರುವಿಗೇ ಎದ್ದುಕೂತಿತು ಎಂಜಿನ್,
ಗೊಣಗಲಿಲ್ಲ. ಆ ಸಭ್ಯತೆ ನನಗಷ್ಟು ಹಿಡಿಸಲಿಲ್ಲ.
ಹಳೆಯ ಪಾಯಿಂಟನ್ನು ತಟ್ಟೆಯ ಸಮೇತ ಬಿಚ್ಚಿ,
ಸಂದಿ ಅಳೆದು, ಮುದಿ ಕಂಡೆನ್ಸರನ್ನು ಬೆನ್ನಿಗೆ ಕಟ್ಟಿ,
ಫಿಲ್ಮೋನನ ಕಾಲುಚೀಲದಲ್ಲಿ ತುರುಕಿ, ಸ್ಕ್ರೂಡ್ರೈವರ್ ಜೊತೆ
ಡ್ಯಾಶ್‌ಬೋರ್ಡಿನ ಗೂಡಿನಲ್ಲಿಟ್ಟ.

ರಾತ್ರಿ ಫೋನು: 'ಹಾಕಿಸಿದೆಯಾ ಅಕ್ಕಾ?'
ಹಾಕಿಸಿದೆ.
'ಕಾಲುಚೀಲ ಬೆಚ್ಚಗಿದೆಯಾ?'
ಇದೆ, ಅಂದೆ.

ಮಸಾವಾಗೆ ಹೊರಡುವ ಮುನ್ನ ಗೆಬ್ರೆಂಡ್ರಿಯಾಸ್ ತಡೆದು
ನನ್ನ ತಲೆಬಟ್ಟೆಯಿಂದಲೇ ನನ್ನ ಕಣ್ಣು ಕಟ್ಟಿದ.
'ಮಂಜಿನಲ್ಲಿ ನಿನ್ನ ಗಾಜುಗಳು ಯಾವುವೂ ಕೆಲಸಕ್ಕೆ ಬಾರವು.
ಡಬ್ಬಿ ಬಿಚ್ಚು. ಹಳೆಯದನ್ನು ಕೂರಿಸು.'
ಬೆರಳು ತಡಕಿದವು: ಬಿಸಿ, ಎಣ್ಣೆ, ಚೂಪು, ತಂತಿ.
ಒಂದು ಸ್ಕ್ರೂ ಜಾರಿ ಎಲ್ಲೋ ಟಿಣ್ಣೆಂದಿತು.

'ಮತ್ತೆ' ಅಂದ.